ವೀಸಾಕ್ಕಿಂತ ಮುಂಚಿನ ಮೂರೂವರೆ ವರ್ಷ: ತುಮಕೂರಿನಿಂದ ಲಿಂಕನ್‌ಶೈರ್‌ವರೆಗೆ ಒಬ್ಬ ದಂತವೈದ್ಯೆಯ ಕಾಗದದ ಹಾದಿ

2025ರ ಮಾರ್ಚ್‌ನಲ್ಲಿ ಗಂಡ ಮತ್ತು ಆರು ವರ್ಷದ ಮಗಳೊಂದಿಗೆ ಇಂಗ್ಲೆಂಡಿನ ಲಿಂಕನ್‌ಶೈರ್‌ಗೆ ಬಂದಿಳಿದಾಗ ನನ್ನ ಕೈಚೀಲದಲ್ಲಿ ಒಂದು ನೀಲಿ ಫೈಲಿತ್ತು. ತುಮಕೂರಿನ ಮನೆಯಲ್ಲಿ ಲಗೇಜು ತೂಗುವಾಗ ಅದನ್ನೂ ಕೊಕ್ಕೆಗೆ ಸಿಕ್ಕಿಸಿ ನೋಡಿದ್ದೆವು. ಎರಡು ಕಿಲೋಗೆ ಸ್ವಲ್ಪ ಕಡಿಮೆ ಬಂತು. ಅದರಲ್ಲಿದ್ದ ಕಾಗದಗಳಲ್ಲಿ ಅರ್ಧದಷ್ಟು ಅಷ್ಟರೊಳಗೆ ಅವಧಿ ಮುಗಿದು ಸತ್ತುಹೋಗಿದ್ದವು, ಆದರೂ ಬಿಸಾಡುವ ಧೈರ್ಯ ಬಂದಿರಲಿಲ್ಲ.

ವೀಸಾ ಹೇಗೆ ಸಿಕ್ಕಿತು ಎಂದು ಕಾಲೇಜಿನ ಕಿರಿಯರು ಈಗ ಕೇಳುತ್ತಿರುತ್ತಾರೆ. ವೀಸಾ ಸಿಕ್ಕಿದ್ದು ಹದಿನೇಳು ದಿನಗಳಲ್ಲಿ. ಅದಕ್ಕೆ ಅರ್ಜಿ ಹಾಕುವ ಯೋಗ್ಯತೆ ಬರಲು ಹಿಡಿದದ್ದು ಮೂರೂವರೆ ವರ್ಷ. ಬ್ರಿಟನ್ನಿನಲ್ಲಿ ದಂತವೈದ್ಯ ವೃತ್ತಿಯನ್ನು 1984ರ ಡೆಂಟಿಸ್ಟ್ಸ್ ಆ್ಯಕ್ಟ್ ನಿಯಂತ್ರಿಸುತ್ತದೆ ಮತ್ತು ಜನರಲ್ ಡೆಂಟಲ್ ಕೌನ್ಸಿಲ್, ಅಂದರೆ ಜಿಡಿಸಿಯ ನೋಂದಣಿ ಇಲ್ಲದವರು ಅಲ್ಲಿ ಯಾರ ಬಾಯಿಗೂ ಕನ್ನಡಿ ಹಿಡಿಯುವಂತಿಲ್ಲ. ನೋಂದಣಿ ಇಲ್ಲದಿದ್ದರೆ ದಂತವೈದ್ಯರ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಸ್ಪಾನ್ಸರ್‌ಶಿಪ್, ಅಂದರೆ ವೀಸಾಕ್ಕೆ ಕೆಲಸ ಕೊಡುವವರ ಪ್ರಾಯೋಜನೆ ಇಲ್ಲ, ಸ್ಪಾನ್ಸರ್‌ಶಿಪ್ ಇಲ್ಲದಿದ್ದರೆ ವೀಸಾ ಇಲ್ಲ. ನಮ್ಮ ಬಿಡಿಎಸ್ ಪದವಿಗೆ ನೇರ ನೋಂದಣಿ ಸಿಗುವುದಿಲ್ಲವಾದ್ದರಿಂದ ವಿದೇಶಿ ಪದವಿಯವರಿಗೆಂದೇ ಇರುವ ಓಆರ್‌ಇ ಎಂಬ ಎರಡು ಭಾಗಗಳ ಪರೀಕ್ಷೆಯನ್ನಾಗಲಿ, ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ನಡೆಸುವ ಎಲ್‌ಡಿಎಸ್ ಪರೀಕ್ಷೆಯನ್ನಾಗಲಿ ದಾಟಬೇಕು. ಮೊದಲು ಇನ್ನೊಂದು ಸಂದಿಯೂ ಇತ್ತು: ನಮ್ಮಂಥವರು ಬಿಡಿಎಸ್ ಪದವಿಯ ಆಧಾರದ ಮೇಲೆಯೇ ಡೆಂಟಲ್ ಥೆರಪಿಸ್ಟ್ (ದಂತವೈದ್ಯರಿಗಿಂತ ಸೀಮಿತ ಚಿಕಿತ್ಸೆ ಮಾಡುವ ಹುದ್ದೆ) ಎಂದು ನೋಂದಣಿಗೆ ಅರ್ಜಿ ಹಾಕಿ ಅಲ್ಲಿ ಕೆಲಸ ಆರಂಭಿಸಬಹುದಿತ್ತು. ನನ್ನ ಒಬ್ಬ ಸೀನಿಯರ್ ಹಾಗೆಯೇ ಹೋದರು. ಆ ಬಾಗಿಲು 2023ರ ಮಾರ್ಚ್ 8ರಂದು ಮುಚ್ಚಿದೆ. ಈಗಲೂ ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ನಾನು ಆರಂಭಿಸಿದ್ದು 2021ರ ಆಗಸ್ಟ್‌ನಲ್ಲಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಿಂದ. ಆ ಹೊತ್ತಿಗೆ ಕೋವಿಡ್‌ನಿಂದಾಗಿ 2020ರಲ್ಲಿ ನಿಂತ ಓಆರ್‌ಇ ಇನ್ನೂ ಶುರುವಾಗಿರಲಿಲ್ಲ, ಆದರೆ ಸುಮ್ಮನೆ ಕೂರುವುದಕ್ಕಿಂತ ಇಂಗ್ಲಿಷ್ ಪರೀಕ್ಷೆಯನ್ನಾದರೂ ಮುಗಿಸೋಣ ಎಂಬ ಆತುರ. ಜಿಡಿಸಿಗೆ ಅಕಾಡೆಮಿಕ್ ಮಾದರಿಯಲ್ಲಿ ಒಟ್ಟು 7 ಅಂಕ ಬೇಕು, ಯಾವ ವಿಭಾಗದಲ್ಲಿಯೂ 6.5ಕ್ಕಿಂತ ಕಡಿಮೆ ಇರಕೂಡದು. ನನಗೆ ಒಟ್ಟು 7.5 ಬಂತು, ಬರವಣಿಗೆಯಲ್ಲಿ 6. ಮತ್ತೆ ಹದಿನೈದು ಸಾವಿರ ಮಿಕ್ಕಿದ ಶುಲ್ಕ ಕಟ್ಟಿ 2022ರ ಮಾರ್ಚ್‌ನಲ್ಲಿ ತೇರ್ಗಡೆಯಾದೆ. ಈ ಫಲಿತಾಂಶದ ಆಯಸ್ಸು ಎರಡೇ ವರ್ಷವೆಂದು ಓದಿದ್ದೆ, ಆದರೆ ಅದರ ಅರ್ಥ ತಿಳಿದದ್ದು ಎರಡು ವರ್ಷ ಕಳೆದ ಮೇಲೆ, ನೋಂದಣಿಯ ಹೊತ್ತಿಗೆ ಮೂರನೆಯ ಬಾರಿ ಪರೀಕ್ಷೆ ಬರೆಯಬೇಕಾಗಿ ಬಂದಾಗ. ನನ್ನಂತೆ ಆತುರಪಡುವವರು ಗಮನಿಸಿ: ಉಳಿದ ಕಾಗದಗಳು ಕೈಗೆ ಬಂದ ಮೇಲೆ ಇಂಗ್ಲಿಷ್ ಪರೀಕ್ಷೆ ಬರೆದರೆ ಸಾಕು.

ಉಳಿದ ಕಾಗದಗಳು ಎಂದೆನಲ್ಲ, ಅಲ್ಲಿ ನನ್ನನ್ನು ಕಾಡಿದ್ದು ಓದೂ ಅಲ್ಲ, ಅಂಕವೂ ಅಲ್ಲ, ನನ್ನದೇ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರದಲ್ಲಿ, ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿಯಲ್ಲಿ, ಎಲ್ಲೆಡೆ ನನ್ನ ಹೆಸರಿನ ಮುಂದೆ ಇರುವುದು ಟಿ. ಎಸ್. ಎಂಬ ಎರಡು ಇನಿಷಿಯಲ್ ಮಾತ್ರ. ಟಿ ಅಂದರೆ ನಮ್ಮ ಊರು ತುರುವೇಕೆರೆ, ಎಸ್ ಅಂದರೆ ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕೆಂದು ಹೇಳಿದ್ದರಿಂದ ಊರಿನ ಹೆಸರನ್ನು ಉಪನಾಮದ ಜಾಗದಲ್ಲಿ ಹಾಕಿದ್ದೆ. ಹೀಗೆ ಪಾಸ್‌ಪೋರ್ಟ್ ಹೇಳುವ ಹೆಸರಿನವಳಿಗೆ ಪದವಿ ಇರಲಿಲ್ಲ, ಪದವಿ ಇದ್ದವಳಿಗೆ ಪಾಸ್‌ಪೋರ್ಟ್ ಇರಲಿಲ್ಲ. ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಲು ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಗೆ ಹೋದೆ. ಛಾಪಾ ಕಾಗದ ಬಂತು, ನೋಟರಿ ಸಹಿ ಬಿತ್ತು, ಕೆಂಪು ಸೀಲೂ ಬಿತ್ತು. ಮನೆಗೆ ಬಂದು ನೋಡಿದರೆ ಪಾಸ್‌ಪೋರ್ಟ್‌ನಲ್ಲಿ ಟಿ ಅಕ್ಷರದ ಪಕ್ಕ ಇರುವ ಎಚ್ ಅಕ್ಷರ ಅಫಿಡವಿಟ್‌ನಲ್ಲಿ ಇರಲಿಲ್ಲ. ಎರಡು ಹೆಸರನ್ನು ಒಂದು ಮಾಡಲು ಹೋದ ಕಾಗದ ಮೂರನೆಯ ಹೆಸರನ್ನು ಹುಟ್ಟಿಸಿತ್ತು. ಮರುದಿನ ಹೋಗಿ ತೋರಿಸಿದಾಗ ಟೈಪಿಸ್ಟ್, "ಮೇಡಂ, ಒಂದು ಎಚ್‌ನಿಂದ ಏನಾಗತ್ತೆ, ಓದಿದರೆ ಒಂದೇ ಥರ ಕೇಳಿಸತ್ತಲ್ಲಾ" ಎಂದರು. ಕೇಳಿಸುವುದು ನಿಜ, ಆದರೆ ಅರ್ಜಿ ಪರಿಶೀಲಿಸುವವರು ಕಿವಿಯಿಂದ ಪರಿಶೀಲಿಸುವುದಿಲ್ಲವಲ್ಲ. ಮತ್ತೆ ಕಾಗದ, ಮತ್ತೆ ನೋಟರಿ. ನಮ್ಮ ಕಡೆಯವರು ಪಾಸ್‌ಪೋರ್ಟ್ ಮಾಡಿಸುವ ದಿನವೇ ಈ ವಿಷಯ ಯೋಚಿಸಿಬಿಟ್ಟರೆ ತಿಂಗಳುಗಳು ಉಳಿಯುತ್ತವೆ. ಮಾಡಿಸಿ ಆಗಿದ್ದರೆ, ಮುಂದೆ ಐಇಎಲ್‌ಟಿಎಸ್‌ನಿಂದ ಹಿಡಿದು ಬ್ಯಾಂಕ್ ಖಾತೆಯವರೆಗೆ ಪಾಸ್‌ಪೋರ್ಟ್‌ನ ಅಕ್ಷರಗಳನ್ನೇ ಹಾಗೆಯೇ ಬಳಸಿ.

ಎರಡನೆಯ ತೊಡಕು ಗಂಟೆಗಳ ಲೆಕ್ಕ. ಓಆರ್‌ಇಗೆ ಅರ್ಜಿ ಹಾಕುವವರು ಕನಿಷ್ಠ 1,600 ಗಂಟೆ ರೋಗಿಗಳಿಗೆ ಸ್ವತಃ ಚಿಕಿತ್ಸೆ ನೀಡಿದ ಅನುಭವವನ್ನು ತೋರಿಸಬೇಕು. ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಹಿರಿಯ ವೈದ್ಯರು ಬಹಳ ಪ್ರೀತಿಯಿಂದ, ನಾನು ಮೂರು ವರ್ಷ ಪ್ರಾಮಾಣಿಕವಾಗಿ ದುಡಿದೆನೆಂದೂ ನನ್ನ ನಡತೆ ಉತ್ತಮವೆಂದೂ ಪತ್ರ ಬರೆದುಕೊಟ್ಟರು. ಅದರಲ್ಲಿ ಗಂಟೆಯೇ ಇರಲಿಲ್ಲ. ತಿದ್ದಿಸಲು ಹೋದಾಗ, "ಗಂಟೆ ಲೆಕ್ಕ ಕೇಳ್ತಾರೇನಮ್ಮಾ? ನಾವೇನು ಗಾರ್ಮೆಂಟ್ಸ್ ನಡೆಸ್ತಿದ್ದೀವಾ?" ಎಂದು ನಕ್ಕರು. ನಕ್ಕರೂ, ಅಪಾಯಿಂಟ್‌ಮೆಂಟ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಹೊಸ ಪತ್ರ ಮಾಡಿಕೊಟ್ಟರು. ಕೆಲಸ ಬಿಡುವ ಮೊದಲೇ ಇಂಥ ಪತ್ರ ಪಡೆದುಕೊಳ್ಳುವುದು ಒಳ್ಳೆಯದು. ಬಿಟ್ಟ ಮೇಲೆ ಎಲ್ಲರ ಬಳಿಯೂ ಅಷ್ಟು ಪ್ರೀತಿ ಉಳಿದಿರುವುದಿಲ್ಲ.

ಅರ್ಜಿ ಒಪ್ಪಿಗೆಯಾದರೂ ಪರೀಕ್ಷೆಗೆ ಸೀಟು ಸಿಕ್ಕಿತೆಂದಲ್ಲ. ಕೋವಿಡ್ ಕಾಲದ ಬಾಕಿಯೂ ಸೇರಿ ಆ ದಿನಗಳಲ್ಲಿ ಸೀಟುಗಳಿಗಿಂತ ಅಭ್ಯರ್ಥಿಗಳು ಬಹಳ ಹೆಚ್ಚಿದ್ದರು. ಬುಕಿಂಗ್ ತೆರೆದ ದಿನ ಗಂಡನ ಲ್ಯಾಪ್‌ಟಾಪ್, ನನ್ನ ಲ್ಯಾಪ್‌ಟಾಪ್, ಎರಡು ಫೋನ್ ಇಟ್ಟುಕೊಂಡು ಕೂತಿದ್ದೆವು. ಸೀಟೂ ಕಂಡಿತು, ಹಣ ಕಟ್ಟುವ ಪುಟಕ್ಕೂ ಹೋದೆ, ಅಲ್ಲಿ ಬ್ಯಾಂಕಿನ ಒಟಿಪಿ ಬರಲಿಲ್ಲ. ಬಂದಾಗ ಸೀಟು ಹೋಗಿತ್ತು. ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ಮೊದಲೇ ತೆರೆದಿಟ್ಟು, ಸಣ್ಣದೊಂದು ಮೊತ್ತ ಕಟ್ಟಿ ಪರೀಕ್ಷಿಸಿಕೊಂಡಿರಬೇಕು ಎಂಬ ಬುದ್ಧಿ ಆಮೇಲೆ ಬಂತು. ಮುಂದಿನ ಸರದಿಯಲ್ಲಿ ಸಿಕ್ಕಿತು, 2023ರ ಆಗಸ್ಟ್‌ಗೆ. ಮೊದಲ ಭಾಗ ಕಂಪ್ಯೂಟರಿನಲ್ಲಿ ಬರೆಯುವ ಎರಡು ಪ್ರಶ್ನೆಪತ್ರಿಕೆ. ಓದಿದರೆ ಆಗುವಂಥದ್ದು, ಹೆಚ್ಚು ಹೇಳುವುದೇನಿಲ್ಲ. ಒಬ್ಬರಿಗೆ ನಾಲ್ಕೇ ಅವಕಾಶ, ಮತ್ತು ಮೊದಲ ಭಾಗಕ್ಕೆ ಮೊದಲ ಬಾರಿ ಕೂತ ದಿನದಿಂದ ಐದು ವರ್ಷದೊಳಗೆ ಎರಡನೆಯ ಭಾಗವನ್ನು ದಾಟಬೇಕು ಎಂಬುದು ನೆನಪಿರಲಿ.

ಎರಡನೆಯ ಭಾಗದ್ದೇ ಬೇರೆ ಕಥೆ. ಆಗ ಶುಲ್ಕ 4,235 ಪೌಂಡ್ ಇತ್ತು, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷದ ಹತ್ತಿರ. ಅಮ್ಮ ಮದುವೆಗೆ ಹಾಕಿದ್ದ ಬಳೆಗಳು ಆ ವರ್ಷ ಬ್ಯಾಂಕಿನ ಲಾಕರಿನಿಂದ ಅದೇ ಬ್ಯಾಂಕಿನ ಚಿನ್ನದ ಸಾಲದ ಕೌಂಟರಿಗೆ ಹೋದವು. ಪರೀಕ್ಷೆಯಲ್ಲಿ ನಾಲ್ಕು ಅಂಗಗಳಿವೆ: ಕೃತಕ ತಲೆಯ ಮೇಲೆ ಹಲ್ಲಿನ ಕೆಲಸ, ಒಂದೊಂದು ಕಡೆ ಒಂದೊಂದು ಕೌಶಲ ಪರೀಕ್ಷಿಸುವ, ಆಸ್ಕಿ ಎಂದು ಕರೆಯುವ ಸುತ್ತುಗಳು, ರೋಗಿಯ ಪಾತ್ರ ಮಾಡುವ ನಟರೊಂದಿಗೆ ಮಾತಾಡಿ ಚಿಕಿತ್ಸಾ ಯೋಜನೆ ಬರೆಯುವುದು, ಮತ್ತು ತುರ್ತು ವೈದ್ಯಕೀಯ ಸಂದರ್ಭಗಳ ನಿರ್ವಹಣೆ. ಮೊದಲನೆಯದಕ್ಕೆ ಅಭ್ಯಾಸ ಮಾಡಲು ಪ್ಲಾಸ್ಟಿಕ್ ಹಲ್ಲುಗಳ ದವಡೆ ತರಿಸಿ, ಕ್ಲಿನಿಕ್ಕಿನ ಕೊನೆಯ ರೋಗಿ ಹೋದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಕೊರೆಯುತ್ತಿದ್ದೆ. ಪ್ಲಾಸ್ಟಿಕ್ ಹಲ್ಲು ನಿಜವಾದ ಹಲ್ಲಿನಂತಲ್ಲ. ಹೊರಪದರವಾದ ಎನಾಮೆಲ್ ದಾಟಿ ಒಳಪದರವಾದ ಡೆಂಟಿನ್‌ಗೆ ಇಳಿದಾಗ ಕೊರೆಯುವ ಬರ್‌ಗೆ ಸಿಗುವ ಮೆತ್ತನೆಯ ಸೂಚನೆ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಆಳವನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಮತ್ತು ಪ್ರೋಬ್ ಎಂಬ ಅಳತೆ ಕಡ್ಡಿಯ ಗೆರೆಗಳಿಂದ ಅಳೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಹತ್ತು ವರ್ಷ ಹಲ್ಲು ಕೊರೆದವಳು ಮೊದಲ ವಾರ ಪಕ್ಕದ ಹಲ್ಲಿಗೆ ಗೀರು ಹಾಕದೆ ಕ್ರೌನ್, ಅಂದರೆ ಹಲ್ಲಿನ ಟೊಪ್ಪಿ ಕೂರಿಸಲು ಒಂದು ಹಲ್ಲಿನ ತಯಾರಿಯನ್ನೂ ಮುಗಿಸಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

2024ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಪರೀಕ್ಷೆ ನಡೆಯಿತು. ಕೃತಕ ತಲೆಯ ಪರೀಕ್ಷೆ ಮೂರು ಗಂಟೆ. ಮೊದಲ ಹತ್ತು ನಿಮಿಷದಲ್ಲಿ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ರಬ್ಬರ್ ಡ್ಯಾಮ್ ಹರಿಯಿತು, ಎರಡನೆಯದು ಹಾಕಿದೆ, ಕೈ ನಡುಗುತ್ತಿತ್ತು. ನನ್ನನ್ನು ನಿಜಕ್ಕೂ ಸೋಲಿಸಲು ನೋಡಿದ್ದು ನಟ ರೋಗಿ. ನಮ್ಮ ಕ್ಲಿನಿಕ್ಕಿನಲ್ಲಿ "ಎಲ್ಲಿ ನೋವು, ಬಾಯಿ ತೆಗೀರಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಲ್ಲಿ ರೋಗಿಯ ಚಿಂತೆಯೇನು, ನಿರೀಕ್ಷೆಯೇನು, ಸಿಗರೇಟು ಎಷ್ಟು, ಚಿಕಿತ್ಸೆಗೆ ಇರುವ ಬೇರೆ ಆಯ್ಕೆಗಳೇನು, ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ಸಾವಧಾನವಾಗಿ ಮಾತಾಡಿ ಒಪ್ಪಿಗೆ ಪಡೆಯಬೇಕು. ಇದನ್ನು ಕಲಿಯಲು ಪುಸ್ತಕಕ್ಕಿಂತ ಜೊತೆಗೆ ಪರೀಕ್ಷೆ ಬರೆಯುವ ಇಬ್ಬರು ಗೆಳತಿಯರೊಂದಿಗೆ ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ರೋಗಿ-ವೈದ್ಯರ ಆಟ ಆಡಿದ್ದೇ ನೆರವಾಯಿತು.

ಎರಡು ಭಾಗದ ಪರೀಕ್ಷೆಗೂ ನಾನು ಬ್ರಿಟನ್ನಿಗೆ ಹೋದದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ. ಆರು ತಿಂಗಳ ಆ ವೀಸಾಕ್ಕೆ ಮೊದಲ ಸಲ 100 ಪೌಂಡ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಅದು 115 ಆಯಿತು, 2025ರ ಏಪ್ರಿಲ್‌ನಲ್ಲಿ 127. ಪರೀಕ್ಷೆ ಪಾಸಾದ ಮೇಲೆ ಅಲ್ಲಿಯೇ ಉಳಿದು ಕೆಲಸ ಹುಡುಕಿ ವೀಸಾ ಬದಲಿಸಿಕೊಳ್ಳಬಹುದೆಂದು ಪರೀಕ್ಷಾ ಕೇಂದ್ರದ ಹೊರಗೆ ಒಬ್ಬರು ಬಹಳ ವಿಶ್ವಾಸದಿಂದ ಹೇಳುತ್ತಿದ್ದರು. ಆಗುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದವರು ಬ್ರಿಟನ್ನಿನ ಒಳಗಿನಿಂದ ಕೆಲಸದ ವೀಸಾಕ್ಕೆ ಬದಲಾಗುವಂತಿಲ್ಲ. ಊರಿಗೆ ಮರಳಿ ಅಲ್ಲಿಂದಲೇ ಅರ್ಜಿ ಹಾಕಬೇಕು. ಹೋಗಿಬರುವ ಟಿಕೆಟಿನ ಲೆಕ್ಕವನ್ನು ಹಾಗೆಯೇ ಹಾಕಿಕೊಳ್ಳಿ.

ಫಲಿತಾಂಶ ಬಂದ ಮೇಲೆ ನೋಂದಣಿಯ ಅರ್ಜಿ. ಇಲ್ಲಿ ನಮ್ಮ ಪರಿಷತ್ತಿನಿಂದ ಪಡೆಯುವ, ವೃತ್ತಿಯಲ್ಲಿ ನಮ್ಮ ನಡತೆ ಸರಿಯಿದೆ ಎಂದು ಹೇಳುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಮೂರು ತಿಂಗಳಿಗಿಂತ ಹಳೆಯದಾಗಿರಕೂಡದು. ನಾನು ಜಾಣತನ ಮಾಡಿ ಫಲಿತಾಂಶಕ್ಕೆ ಮುಂಚೆಯೇ ಅದನ್ನು ತರಿಸಿಟ್ಟುಕೊಂಡಿದ್ದೆ. ಇಂಗ್ಲಿಷ್ ಪರೀಕ್ಷೆಯ ಹೊಸ ಫಲಿತಾಂಶ ಕೈಗೆ ಬರುವಷ್ಟರಲ್ಲಿ ಅದು ಹಳತಾಯಿತು. ಒಂದು ಕಾಗದ ಹುಟ್ಟುವ ಹೊತ್ತಿಗೆ ಇನ್ನೊಂದು ಸಾಯುತ್ತಿತ್ತು. ಆ ದಿನ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಕಾಗದದ ಸಾವಿನ ದಿನವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟೆ, ಮತ್ತು ಅಲ್ಪಾಯುಷಿಗಳನ್ನು ಕೊನೆಗೆ ತರಿಸುವುದೆಂದು ತೀರ್ಮಾನಿಸಿದೆ. ಮೊದಲೇ ಮಾಡಿದ್ದರೆ ಒಂದು ವರ್ಷವಾದರೂ ಉಳಿಯುತ್ತಿತ್ತೇನೋ. 2024ರ ಶರತ್ಕಾಲದಲ್ಲಿ ಜಿಡಿಸಿ ಪಟ್ಟಿಗೆ ನನ್ನ ಹೆಸರು ಸೇರಿತು. ದಂತವೈದ್ಯರ ವಾರ್ಷಿಕ ಶುಲ್ಕ ಆ ವರ್ಷ 621 ಪೌಂಡ್ ಇತ್ತು.

ನಂತರ ಕೆಲಸದ ಹುಡುಕಾಟ. ಬೆಂಗಳೂರಿನ ಒಬ್ಬ ಏಜೆಂಟ್ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರವನ್ನು ಎಂಟು ಲಕ್ಷಕ್ಕೆ ಕೊಡಿಸುವುದಾಗಿ ಫೋನ್ ಮಾಡಿದ. ಆ ಪ್ರಮಾಣಪತ್ರ ಮಾರುವ ವಸ್ತುವಲ್ಲ. ಅದರ ಶುಲ್ಕ ಕಟ್ಟಬೇಕಾದವರು ಕೆಲಸ ಕೊಡುವವರು, ಮತ್ತು 2024ರ ಡಿಸೆಂಬರ್ 31ರಿಂದ ಅದನ್ನು ನೌಕರರಿಂದ ವಸೂಲಿ ಮಾಡುವುದನ್ನೂ ನಿಷೇಧಿಸಲಾಗಿದೆ. ಸ್ಪಾನ್ಸರ್ ಮಾಡುವ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಯಾರೇ ಕರೆದರೂ ಮೊದಲು ಅಲ್ಲಿ ಹೆಸರು ಹುಡುಕಿ.

ನನಗೆ ಎರಡು ಕಡೆಯಿಂದ ಕರೆ ಬಂತು. ಒಂದು ಪೂರ್ತಿ ಖಾಸಗಿ ಕ್ಲಿನಿಕ್, ಸಂಬಳ ಹೆಚ್ಚು. ಇನ್ನೊಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್ಎಚ್ಎಸ್‌ನ ಗುತ್ತಿಗೆ ಇರುವ ಕ್ಲಿನಿಕ್, ಲಿಂಕನ್‌ಶೈರ್‌ನ ಸಣ್ಣ ಊರಿನಲ್ಲಿ. ಹೊರನೋಟಕ್ಕೆ ಮೊದಲನೆಯದೇ ವಾಸಿ. ಆದರೆ ದಂತವೈದ್ಯರಿಗೆ ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾ ಸಿಗಬೇಕಾದರೆ ಕೆಲಸ ಕೊಡುವವರು ಎನ್ಎಚ್ಎಸ್ ಆಗಿರಬೇಕು ಅಥವಾ ಎನ್ಎಚ್ಎಸ್‌ಗೆ ಸೇವೆ ಒದಗಿಸುವವರಾಗಿರಬೇಕು. ಪೂರ್ತಿ ಖಾಸಗಿಯಾದರೆ ಸಾಮಾನ್ಯ ಸ್ಕಿಲ್ಡ್ ವರ್ಕರ್ ವೀಸಾ. ವ್ಯತ್ಯಾಸ ದೊಡ್ಡದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಪ್ರತಿ ವಯಸ್ಕರೂ ವರ್ಷಕ್ಕೆ 1,035 ಪೌಂಡ್‌ನಂತೆ ಆರೋಗ್ಯ ಮೇಲ್ತೆರಿಗೆಯನ್ನು ಇಡೀ ಅವಧಿಗೆ ಮುಂಗಡವಾಗಿ ಕಟ್ಟಬೇಕು, ಮಕ್ಕಳಿಗೂ ಸ್ವಲ್ಪ ಕಡಿಮೆ ದರದಲ್ಲಿ ಅದು ತಪ್ಪಿದ್ದಲ್ಲ. ಹೆಲ್ತ್ ಆ್ಯಂಡ್ ಕೇರ್ ವೀಸಾದಲ್ಲಿ ಕುಟುಂಬಕ್ಕೂ ಸೇರಿ ಅದು ಇಲ್ಲ. ವೀಸಾ ಶುಲ್ಕವೂ ಕಡಿಮೆ: ಮೂರು ವರ್ಷದ ನಮ್ಮ ವೀಸಾಕ್ಕೆ ತಲಾ 284 ಪೌಂಡ್ ಕಟ್ಟಿದೆವು. 2025ರ ಏಪ್ರಿಲ್ 9ರಂದು ಅದು 304 ಆಯಿತು. 2024ರ ಮಾರ್ಚ್‌ನಲ್ಲಿ ಕುಟುಂಬ ಕರೆತರುವುದನ್ನು ನಿಲ್ಲಿಸಿದ್ದು ಆರೈಕೆ ಕೆಲಸಗಾರರಿಗೆ ಮಾತ್ರ, ದಂತವೈದ್ಯರಿಗಲ್ಲ. ಆ ತಡೆಯ ಸುದ್ದಿ ಕೇಳಿ ನಮ್ಮ ಅತ್ತೆ ಎರಡು ದಿನ ಊಟ ಬಿಟ್ಟಿದ್ದರು.

ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ ಎಂಬ ಹೆಸರು ಕೇಳಿ ನಾನು ಲೆಟರ್‌ಹೆಡ್ಡಿನ ಕಾಗದ ಬರುತ್ತದೆಂದು ಕಾದಿದ್ದೆ. ಬಂದದ್ದು ಇಮೇಲಿನಲ್ಲಿ ಒಂದು ಉದ್ದನೆಯ ಸಂಖ್ಯೆ. ಅಷ್ಟೇ ಅದು. ಅದಕ್ಕೆ ಮೂರು ತಿಂಗಳ ಆಯಸ್ಸು. ಅಷ್ಟರೊಳಗೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಕ್ಷಯ ಪರೀಕ್ಷೆ ಮಾಡಿಸಬೇಕು. ಕ್ಷಯ ಪರೀಕ್ಷೆಯ ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ದಂತವೈದ್ಯರ ಹುದ್ದೆಗೆ ಪೊಲೀಸ್ ಕ್ಲಿಯರೆನ್ಸ್ ಕೂಡ ಕಡ್ಡಾಯ, ಅದನ್ನು ಪಾಸ್‌ಪೋರ್ಟ್ ಕೇಂದ್ರದ ಮೂಲಕ ಪಡೆದೆ. ವೀಸಾಕ್ಕೆಂದು ಬೇರೆ ಮಾದರಿಯ ಐಇಎಲ್‌ಟಿಎಸ್ ಮತ್ತೆ ಬರೆಯಬೇಕೆಂದು ಯಾರೋ ಹೇಳಿ ನಾಲ್ಕನೆಯ ಬಾರಿಗೆ ಹಣ ಕಟ್ಟುವುದರಲ್ಲಿದ್ದೆ. ಅಗತ್ಯವಿಲ್ಲ: ವೃತ್ತಿ ನಿಯಂತ್ರಕರು ಒಪ್ಪಿದ ಇಂಗ್ಲಿಷ್ ಪರೀಕ್ಷೆ ದಾಟಿರುವ ವೈದ್ಯರು, ದಂತವೈದ್ಯರು, ದಾದಿಯರು ವೀಸಾಕ್ಕಾಗಿ ಪ್ರತ್ಯೇಕವಾಗಿ ಇಂಗ್ಲಿಷ್ ಸಾಬೀತುಪಡಿಸಬೇಕಾಗಿಲ್ಲ.

ನಾನು ಎಡವಿದ್ದು ಬ್ಯಾಂಕಿನ ಲೆಕ್ಕದಲ್ಲಿ. ಕೆಲಸ ಕೊಡುವವರು ಆರಂಭದ ಖರ್ಚಿನ ಹೊಣೆ ಹೊತ್ತು ಪ್ರಮಾಣೀಕರಿಸದಿದ್ದರೆ ನಮ್ಮದೇ ಉಳಿತಾಯ ತೋರಿಸಬೇಕು: ಅರ್ಜಿದಾರರಿಗೆ 1,270 ಪೌಂಡ್, ಸಂಗಾತಿಗೆ 285, ಮೊದಲ ಮಗುವಿಗೆ 315. ಒಟ್ಟು 1,870, ಅಂದರೆ ಸುಮಾರು ಎರಡು ಲಕ್ಷ ರೂಪಾಯಿ. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ನಾನು ಸರಿಯಾಗಿ ಎರಡು ಲಕ್ಷದ ಐದು ಸಾವಿರ ಇಟ್ಟಿದ್ದೆ. ಇಪ್ಪತ್ತೊಂದನೆಯ ದಿನ, ಮಗಳ ಹೆಸರಿನಲ್ಲಿ ಎಂದೋ ಮಾಡಿಸಿ ಮರೆತಿದ್ದ ವಿಮೆಯ ಹದಿನಾಲ್ಕು ಸಾವಿರದ ಕಂತು ತಾನಾಗಿಯೇ ಕಡಿತವಾಯಿತು. ಮೊಬೈಲಿಗೆ ಬಂದ ಸಂದೇಶ ನೋಡಿದಾಗ ನಾನು ಒಬ್ಬರ ದವಡೆ ಹಲ್ಲಿನ ಬೇರು ಶುಚಿ ಮಾಡುತ್ತಿದ್ದೆ. ಸಂಜೆಯೇ ಹಣ ತುಂಬಿದೆ, ಪ್ರಯೋಜನವಿಲ್ಲ. ಎಣಿಕೆ ಮತ್ತೆ ಒಂದರಿಂದ. ನಾಲ್ಕು ವಾರ ಮತ್ತೆ ಕಾಯಬೇಕಾಯಿತು. ಯಾವ ಕಂತೂ ಜೋಡಣೆಯಾಗಿರದ ಖಾತೆಯಲ್ಲಿ, ಬೇಕಾದ್ದಕ್ಕಿಂತ ಧಾರಾಳವಾಗಿ ಹಣ ಇಡಿ. ಸಾಧ್ಯವಿದ್ದರೆ ಕೆಲಸ ಕೊಡುವವರನ್ನು ಪ್ರಮಾಣೀಕರಿಸುವಂತೆ ಮೊದಲೇ ಕೇಳಿ. ನಾನು ಸಂಕೋಚದಿಂದ ಕೇಳಿರಲಿಲ್ಲ, ಬಂದ ಮೇಲೆ ಹೇಳಿದಾಗ ಮ್ಯಾನೇಜರ್, ಅದಕ್ಕೇನಿತ್ತು, ಒಂದು ಮಾತು ಹೇಳಿದ್ದರೆ ಮಾಡುತ್ತಿದ್ದೆವು ಎಂದರು.

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟ ಹದಿನೇಳನೆಯ ದಿನ ಒಪ್ಪಿಗೆ ಬಂತು. ಈ ಹೊತ್ತಿಗೆ ನನ್ನ ಒಟ್ಟು ಖರ್ಚು ಹದಿಮೂರು ಲಕ್ಷ ದಾಟಿತ್ತು. ಅದರಲ್ಲಿ ವೀಸಾದ ಪಾಲು ಒಂದು ಲಕ್ಷಕ್ಕೂ ಕಡಿಮೆ.

ಬಂದಿಳಿದ ಮೇಲೆ ಮುಗಿಯಿತು ಎಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಎನ್ಎಚ್ಎಸ್ ರೋಗಿಗಳನ್ನು ನೋಡಬೇಕಾದರೆ ಜಿಡಿಸಿ ನೋಂದಣಿಯ ಜೊತೆಗೆ ಪರ್ಫಾರ್ಮರ್ಸ್ ಲಿಸ್ಟ್ ಎಂಬ ಇನ್ನೊಂದು ಪಟ್ಟಿಯಲ್ಲಿಯೂ ಹೆಸರಿರಬೇಕು, ಮತ್ತು ನಮ್ಮಂತೆ ಹೊರಗಿನಿಂದ ಬಂದವರು ಮೇಲ್ವಿಚಾರಕರ ಅಡಿಯಲ್ಲಿ ಕೆಲಸ ಮಾಡುತ್ತ ಪಿಎಲ್‌ವಿಇ ಎಂಬ ಮೌಲ್ಯಮಾಪನ ಮುಗಿಸಬೇಕು. ಈ ಮೇಲ್ವಿಚಾರಣೆಗೆ ಸಮಯ ಕೊಡಬಲ್ಲ ಕ್ಲಿನಿಕ್ಕುಗಳು ಕಡಿಮೆ, ಆದ್ದರಿಂದ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ ಮೇಲ್ವಿಚಾರಕರು ಯಾರು? ಅದೃಷ್ಟಕ್ಕೆ ನನಗೆ ಸಿಕ್ಕವರು ತಾಳ್ಮೆಯವರು. ಪಟ್ಟಿಗೆ ಹೆಸರು ಬರುವವರೆಗೆ ಕೆಲವೇ ಖಾಸಗಿ ರೋಗಿಗಳನ್ನು ನೋಡುತ್ತ, ಉಳಿದ ಹೊತ್ತು ಅವರ ಪಕ್ಕದಲ್ಲಿ ಕೂತು ಟಿಪ್ಪಣಿ ಬರೆಯುವುದನ್ನು ಕಲಿತೆ.

ಹೋದ ವಾರ ಆ ಪಟ್ಟಿಗೂ ಹೆಸರು ಸೇರಿತು. ಬಾಗಿಲಿಗೆ ಹಾಕಲು ಹಿತ್ತಾಳೆಯ ಫಲಕ ಮಾಡಿಸಬೇಕೆಂದು ರಿಸೆಪ್ಷನಿಸ್ಟ್ ನನ್ನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಟಿ ಆದ ಮೇಲೆ ಎಚ್ ಇದೆಯೋ ಇಲ್ಲವೋ ಎಂದು ಕೇಳಿದಳು. ಇದೆ ಎಂದೆ. ಚೀಟಿಯನ್ನು ಅವಳ ಕೈಯಿಂದ ಇಸಿದುಕೊಂಡು, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ನೋಡಿ ನಾನೇ ಬರೆದುಕೊಟ್ಟೆ.